ಫ್ರೆಂಚ್ ಖಾನಾವಳಿಯ ಐದು ಪಂಕ್ತಿ

“ಇವಂಗ ಎಲಿ ಯಾಕ ಹಾಕೀರಿ? ಇವ ಉಣ್ಣಂಗಿಲ್ಲ, ಮೇಯ್ತಾನ. ಹಗ್ಗ ಹಾಕಿ ಗ್ವಾದ್ಲಿಗೆ ಕಟ್ರಿ ಅತ್ತ.”

ದನದ ಗೋದಲಿಗೆ ಕಟ್ಟಿ ಎಂದವನು ಶೇಂಗಾ ಮಿಲ್ಲಿನ ಕರಿಸಿದ್ದಪ್ಪನ ಮಗ ಪ್ರವೀಣಕುಮಾರ. ಅನ್ನಿಸಿಕೊಂಡವನು ಮೋಟರ್ ವೈಂಡಿಂಗ್ ಅಂಗಡಿಯ ಚೌಡಣ್ಣ. ಅಂದದ್ದು ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ, ಪ್ರವೀಣಕುಮಾರನ ಅಕ್ಕನ ಮದುವೆಯ ಊಟದಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಪಂಕ್ತಿ ತುಂಬಿ ಕೂತಿದ್ದಾಗ. ಚೌಡಣ್ಣ ಮಾಡಿದ ತಪ್ಪು ಇಷ್ಟೇ: ಗೋಧಿ ಹುಗ್ಗಿಯ ಬಕೆಟ್ಟು ಮೂರನೇ ಸಲ ಎದುರಿಗೆ ಬಂದಾಗ ಎಲೆಯ ಮೇಲೆ ಅಡ್ಡಗೈ ಹಿಡಿಯಲಿಲ್ಲ.

ಪಂಕ್ತಿ ನಕ್ಕಿತು. ಮೊದಲು ಎದುರುಸಾಲು ನಕ್ಕಿತು, ಆಮೇಲೆ ಪಕ್ಕದ ಸಾಲು. ಮೂಲೆಯಲ್ಲಿದ್ದವರಿಗೆ ಮಾತು ಕೇಳಿಸಿರಲಿಲ್ಲ. ಅವರು “ಏನಂದ, ಏನಂದ” ಎಂದು ವಿಚಾರಿಸಿಕೊಂಡು, ತಿಳಿದ ಮೇಲೆ, ತಡವಾದದ್ದಕ್ಕೆ ಬಡ್ಡಿ ಸೇರಿಸಿ ನಕ್ಕರು. ಚೌಡಣ್ಣನಿಗೆ ಅಲ್ಲೇ ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಆದರೆ ಪಂಕ್ತಿಗೆ ಕೂತವನು ಪಂಕ್ತಿ ಮುಗಿಯುವ ಮುಂಚೆ ಏಳುವಂತಿಲ್ಲ. ಒಬ್ಬ ಎದ್ದರೆ ಉಳಿದವರ ಎಲೆಯೆಲ್ಲ ಎಂಜಲಾದ ಲೆಕ್ಕ. ಅವತ್ತು ಪಂಕ್ತಿಯ ತಲೆಗೆ ಕೂತವನು ಪಾಲಯ್ಯ. ಊರ ಜಗಳಗಳನ್ನೆಲ್ಲ ಬಿಡಿಸುವ ಹಿರಿಯ, ಬಾಯಲ್ಲಿ ಒಂದೂ ಹಲ್ಲಿಲ್ಲ. ಅವನು ಹುಗ್ಗಿಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ, ಮಜ್ಜಿಗೆ ಕುಡಿದು, ತೇಗಿ, ಇನ್ನೊಂದು ಲೋಟ ಮಜ್ಜಿಗೆ ಕೇಳಿ, ಅದನ್ನೂ ಕುಡಿದು ಏಳುವ ಹೊತ್ತಿಗೆ ಚೌಡಣ್ಣನ ಬೆರಳ ಮೇಲೆ ಹುಗ್ಗಿ ಒಣಗಿ ಸಿಮೆಂಟಾಗಿತ್ತು. ಸಿಟ್ಟೂ ಹಾಗೆಯೇ ಗಟ್ಟಿಯಾಗಿತ್ತು.

ಚೌಡಣ್ಣನ ಸಿಟ್ಟು ಊರಿಗೆ ಹೊಸದಲ್ಲ. ಏಳನೇ ಕ್ಲಾಸಿನಲ್ಲಿ ಫೇಲು ಮಾಡಿದ ಮೇಷ್ಟ್ರ ಸೈಕಲ್ಲಿನ ಎರಡೂ ಗಾಲಿಯ ಗಾಳಿ ಬಿಟ್ಟು, ಪಂಪನ್ನು ಬಾವಿಗೆ ಎಸೆದು ಶಾಲೆಗೆ ಶರಣೆಂದವನು ಅವನು. ಮದುವೆಯೂಟದಿಂದ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಗಾದೆಮ್ಮ ಬಂದು ಕೇಳಿದಳು.

“ಏನಾತಲೇ?”

“ಏನೋ ಅಂದ ಅವ.”

“ಏನಂದ?”

“ಏನೋ ಅಂದ ಅಂದ್ನೆಲ್ಲ.”

ಗಾದೆಮ್ಮ, “ಹುಗ್ಗಿ ಚಲೋ ಆಗಿತ್ತನು?” ಎಂದಳು. ಅವಳನ್ನು ಮದುವೆಗೆ ಯಾರೂ ಕರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಚೌಡಣ್ಣ ಅಂಗಡಿ ತೆಗೆದವನೇ ಕರಿಸಿದ್ದಪ್ಪನ ಮಿಲ್ಲಿನ ಮೋಟರಿನ ಮೇಲೆ ಗೋಣಿಚೀಲ ಹೊದಿಸಿದ. ಸುಟ್ಟು ಬಂದಿದ್ದ ಆ ಮೋಟರನ್ನು ಮದುವೆಯ ಹಿಂದಿನ ದಿನವಷ್ಟೇ ಬಿಚ್ಚಿ, ಹಳೆಯ ತಂತಿ ಕಿತ್ತು ಹಾಕಿದ್ದ. ಹೇಳಿಕಳಿಸಿದ: “ಪ್ರವೀಣ ಬಂದು ತಪ್ಪಾತು ಅನ್ನತನಕ ಒಂದು ಸುತ್ತೂ ತಂತಿ ಸುತ್ತಂಗಿಲ್ಲ.”

ಕರಿಸಿದ್ದಪ್ಪ ಮೋಟರನ್ನು ಚೀಲದ ಸಮೇತ ಮಿಲ್ಲಿಗೆ ಹೊರಿಸಿಕೊಂಡು ಹೋಗಿ, ಹರಪನಹಳ್ಳಿಯಿಂದ ಬೇರೆ ವೈಂಡರನ್ನು ಕರೆಸಿದ. ಆತ ಗೋಣಿಚೀಲ ಎತ್ತಿ ನೋಡಿ, “ಇದನ್ನ ಯಾರು ಬಿಚ್ಚಿದ್ದು?” ಎಂದು ಕೇಳಿ, ಹೆಸರು ತಿಳಿದ ಮೇಲೆ ಚೀಲವನ್ನು ಮತ್ತೆ ಹೊದಿಸಿ, ಬಂದ ಬಸ್ಸಿನಲ್ಲೇ ವಾಪಸು ಹೋದ. ಒಬ್ಬ ಬಿಚ್ಚಿದ ಮೋಟರಿಗೆ ಇನ್ನೊಬ್ಬ ಕೈ ಹಾಕುವುದಿಲ್ಲ. ಆ ಕಸುಬಿನಲ್ಲಿ ಇರುವ ಮರ್ಯಾದೆ ಅದೊಂದೇ.

ಕರಿಸಿದ್ದಪ್ಪ ತಾನೇ ಅಂಗಡಿಗೆ ಬಂದ. “ಮನಿಗೆ ಬಾರಪ ಸಂಜಿಗೆ. ಹುಡುಗನ ಬಾಯಿಲೆ ಅನ್ನಿಸ್ತೀನಿ.”

“ಮನ್ಯಾಗ ಅಂದ್ರ ನಿಮ್ಮನಿ ನಾಕು ಗ್ವಾಡಿ ಕೇಳ್ತಾವ್ರಿ. ಅವತ್ತು ಕೇಳಿದ್ದು ಗ್ವಾಡಿ ಅಲ್ಲ. ಎಷ್ಟು ಕಿವಿ ಕೇಳ್ಯಾವೋ ಅಷ್ಟೂ ಕಿವಿ ಕೇಳ್ಬೇಕು.”

ಈ ಮಾತನ್ನು ಚೌಡಣ್ಣ ಎರಡೆರಡು ಸಲ ಹೇಳಿದ. ಚಲೋ ಮಾತು ಆಡಿದೆ ಅನ್ನಿಸಿತ್ತು ಅವನಿಗೆ.

ಕಡೆಗೆ ವ್ಯಾಜ್ಯ ಪಾಲಯ್ಯನ ಕಟ್ಟೆಗೆ ಬಂತು. ಪಾಲಯ್ಯ ಎಲೆಅಡಿಕೆಯನ್ನು ಕುಟ್ಟಿಸಿಕೊಂಡು ಬಾಯಿಗೆ ಹಾಕಿ, ಅದು ಕರಗುವ ತನಕ ಯೋಚಿಸಿ ತೀರ್ಪು ಕೊಟ್ಟ. “ಎಲಿ ಮುಂದ ಬಿದ್ದ ಮಾತು ಎಲಿ ಮುಂದನ ಏಳ್ಬೇಕು. ಪ್ರವೀಣ ಉಣ್ಣಾಕ ಇಕ್ಕಬೇಕು. ಅವತ್ತು ಏನಂದಿದ್ದೆ ಅಂತ ಪೂರಾ ಹೇಳಿ, ತಪ್ಪಾತು ಅನ್ಬೇಕು. ಚೌಡಣ್ಣ ಉಣ್ಕೋತ ಕೇಳ್ಬೇಕು. ಅವತ್ತಿದ್ದ ಮಂದಿ ಪೂರಾ ಇರ್ಬೇಕು.”

ಎಲ್ಲಿ ಎಂಬುದು ಮುಂದಿನ ತಕರಾರು. ಕರಿಸಿದ್ದಪ್ಪನ ಮನೆಗೆ ಚೌಡಣ್ಣ ಬರುವುದಿಲ್ಲ. ಚೌಡಣ್ಣನ ಮನೆಯಲ್ಲಿ ಕರಿಸಿದ್ದಪ್ಪನ ಕಡೆಯವರು ಉಣ್ಣುವುದಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅದು ಕೇಳುವಂಥದ್ದಲ್ಲ. ಮಠದ ದಾಸೋಹದಲ್ಲಿ ಜಗಳದ ಮಾತು ಎತ್ತುವಂತಿಲ್ಲ. ಬಸ್‌ಸ್ಟ್ಯಾಂಡಿನ ಖಾನಾವಳಿ ಕರಿಸಿದ್ದಪ್ಪನ ಷಡ್ಡಕನದು. ಕೂಡ್ಲಿಗಿ ರಸ್ತೆಯದು ಚೌಡಣ್ಣನ ಸೋದರಮಾವನ ಪಾಲುಗಾರಿಕೆಯದು, ಅಲ್ಲಿ ಮಾಂಸವನ್ನೂ ಬೇಯಿಸುತ್ತಾರೆ. ಊರಲ್ಲಿ ಯಾರ ಬೀಗರದೂ ಅಲ್ಲದ, ಯಾರೂ ಇನ್ನೂ ಉಂಡು ಮೈಲಿಗೆ ಮಾಡದ ಒಲೆ ಯಾವುದಿದೆ ಎಂದು ಹುಡುಕುತ್ತ ಹೋದರೆ ಉಳಿದದ್ದು ಒಂದೇ, ಶಿವಯೋಗಪ್ಪನ ಫ್ರೆಂಚ್ ಖಾನಾವಳಿ.

ಶಿವಯೋಗಪ್ಪ ಚಿಕ್ಕವನಿದ್ದಾಗ ಚಿಗಟೇರಿಯಿಂದ ಓಡಿಹೋಗಿ, ಹೇಗೋ ಪಾಂಡಿಚೇರಿ ಮುಟ್ಟಿ, ಅಲ್ಲೊಬ್ಬ ಫ್ರೆಂಚ್ ಮುದುಕಿಯ ಅಡಿಗೆಮನೆಯಲ್ಲಿ ತಲೆ ನರೆಸಿಕೊಂಡವನು. ಮುದುಕಿ ಸತ್ತ ಮೇಲೆ ಒಂದು ಬಿಳಿ ಟೋಪಿ ಹಾಕಿಕೊಂಡು ಕೊಟ್ಟೂರಿಗೆ ಬಂದು, ಹರಪನಹಳ್ಳಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿಗೂ ಎಸ್‌ಟಿಡಿ ಬೂತಿಗೂ ನಡುವೆ ಮಳಿಗೆ ಹಿಡಿದಿದ್ದ. ನಾಟಕ ಕಂಪನಿಯ ಬೋರ್ಡು ಬರೆಯುವವನೇ ಬರೆದ ಬೋರ್ಡಿತ್ತು: ‘ಶ್ರೀ ಬಸವೇಶ್ವರ ಪ್ರಸನ್ನ. ಪ್ಯಾರಿಸ್ ಬಿಸ್ಟ್ರೋ. ಶುದ್ಧ ಶಾಕಾಹಾರಿ.’ ಒಳಗೆ ನಾಲ್ಕು ಟೇಬಲ್ಲು. ಟೇಬಲ್ಲಿಗೆ ಕೆಂಪು ಚೌಕಳಿಯ ಬಟ್ಟೆ; ಬಂದವರು ಅದನ್ನು ಟವೆಲ್ಲೆಂದು ತಿಳಿದು ಕೈ ಒರೆಸುತ್ತಿದ್ದರು. ಹಾಡುಹಗಲೇ ಮೇಣದ ಬತ್ತಿ ಹಚ್ಚಿಡುತ್ತಿದ್ದ. “ಕರೆಂಟ್ ಹೋಗೈತೇನ್ರಿ?” ಎಂದು ಕೇಳಿ, ಮಿರ್ಚಿ ಮಂಡಕ್ಕಿ ಸಿಗುವುದಿಲ್ಲವೆಂದು ತಿಳಿದು, ಜನ ಹೊರಟುಹೋಗುತ್ತಿದ್ದರು. ತೆರೆದು ಆರು ತಿಂಗಳಾದರೂ ಅಲ್ಲಿ ಯಾರಾದರೂ ಉಂಡದ್ದನ್ನು ಕಂಡವರಿರಲಿಲ್ಲ.

“ಅದು ಯಾರ ಪಾಲಿನದೂ ಅಲ್ಲದ ಊಟ. ಅಲ್ಲೇ ಆಗ್ಲಿ,” ಎಂದ ಪಾಲಯ್ಯ.

ಸೋಮವಾರ ಮಧ್ಯಾಹ್ನ ಊರು ಅಲ್ಲಿ ನೆರೆಯಿತು. ಶಿವಯೋಗಪ್ಪ ಬಾಗಿಲಿಗೆ ಬಂದು ಜನ ನೋಡಿ ಟೋಪಿ ತೆಗೆದ. “ಹದಿನಾರು ಕುರ್ಚಿ ಅದಾವ್ರಿ.”

ಪಾಲಯ್ಯ ಹಿಂದಕ್ಕೆ ತಿರುಗಿ ಜನರನ್ನು ಕಣ್ಣಲ್ಲೇ ಅಳೆದ. “ಐದು ಪಂಕ್ತಿ ಮಾಡ್ರಿ. ಪ್ರತಿ ಪಂಕ್ತಿಗೂ ಪ್ರವೀಣ ಹೇಳ್ತಾನ.”

“ನಾನು?” ಎಂದ ಚೌಡಣ್ಣ.

“ನೀನೂ ಉಣ್ತಿ. ನಿನ್ನ ಎಲಿ ಮುಂದ ಅಲ್ಲೇನು ಹೇಳೋದು?”

“ಐದೂ ಸಲ?”

“ಈ ಊಟಕ್ಕೇನಪ, ಐದು ಸಲ ಉಂಡ್ರೂ ಬೆಕ್ಕಿನ ಹೊಟ್ಟಿ ತುಂಬಂಗಿಲ್ಲ ಅಂತಾರ. ಕುಂದ್ರು.”

ಮೊದಲ ಪಂಕ್ತಿ ಕೂತಿತು. ಕೂತವನೇ ಪಾಲಯ್ಯ ಪ್ರತಿ ತಟ್ಟೆಯ ಪಕ್ಕ ಇಟ್ಟಿದ್ದ ಚೂರಿಗಳನ್ನೆಲ್ಲ ಆರಿಸಿ ತನ್ನ ಟವೆಲ್ಲಿನಲ್ಲಿ ಗಂಟು ಕಟ್ಟಿದ. “ರಾಜಿ ಮಾಡೋ ಜಾಗದಾಗ ಚೂರಿ ಯಾಕಿಟ್ಟಿ ಮಾರಾಯ?” ಶಿವಯೋಗಪ್ಪ ಏನೋ ಹೇಳಲು ಬಾಯಿ ತೆರೆದು, ಗಿರಾಕಿಗಳು ಓಡಿಹೋದಾರೆಂದು ಮುಚ್ಚಿಕೊಂಡ.

ಉಳ್ಳಾಗಡ್ಡಿ ಸೂಪು ಬಂತು. ಮೇಲೆ ಒಂದು ತುಂಡು ಬ್ರೆಡ್ಡು ತೇಲುತ್ತಿತ್ತು. ಮೊದಲ ಟೇಬಲ್ಲಿಗೆ ಇಟ್ಟಾಯಿತು, ಯಾರೂ ಮುಟ್ಟಲಿಲ್ಲ. ಎರಡನೆಯದಕ್ಕಿಟ್ಟ, ಅಲ್ಲೂ ಮುಟ್ಟಲಿಲ್ಲ.

“ಫ್ರಾನ್ಸಿನಾಗ ಬಿಸಿ ಇದ್ದಾಗ್ಲೇ ಉಣ್ತಾರ್ರಿ,” ಎಂದು ಶಿವಯೋಗಪ್ಪ ಅಂಗಲಾಚಿದ.

“ಆ ಮೂಲ್ಯಾಗ ಸುಂಕಪ್ಪಗ ಇನ್ನೂ ಬಂದಿಲ್ಲ,” ಎಂದ ಪಾಲಯ್ಯ. “ಫ್ರಾನ್ಸಿನಾಗ ಸುಂಕಪ್ಪ ಇಲ್ಲೇನು?”

ಸುಂಕಪ್ಪ ಮಿಲ್ಲಿನ ಹಮಾಲ. ತನಗಾಗಿ ಒಂದು ದೇಶವೇ ಕಾಯಬೇಕಾಯಿತಲ್ಲ ಎಂದು ಅವನು ಎದೆ ಮುಂದೆ ಮಾಡಿ ಕೂತ. ಎಲ್ಲರಿಗೂ ಬಂದು, ಪಾಲಯ್ಯ “ಹ್ಞೂಂ, ನಡೀಲಿ” ಅನ್ನುವ ಹೊತ್ತಿಗೆ ಸೂಪು ಆರಿ ಕೆನೆಗಟ್ಟಿತ್ತು. ಜನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅಂಬಲಿ ಕುಡಿದ ಹಾಗೆ ಕುಡಿದರು.

ಪ್ರವೀಣಕುಮಾರ ಎದ್ದುನಿಂತ. ದಾವಣಗೆರೆಯಲ್ಲಿ ಬಿ.ಕಾಂ. ಓದಿದವನು, ಇಸ್ತ್ರಿ ಅಂಗಿ, ಆದರೆ ಮುಖದಲ್ಲಿ ರಕ್ತವಿರಲಿಲ್ಲ. ನೆಲ ನೋಡುತ್ತ, “ಅವತ್ತು ಮದಿವ್ಯಾಗ… ಚೌಡಣ್ಣಗ… ಇವ ಉಣ್ಣಂಗಿಲ್ಲ, ಮೇಯ್ತಾನ… ಹಗ್ಗ ಹಾಕಿ ಗ್ವಾದ್ಲಿಗೆ ಕಟ್ರಿ ಅಂತ ಅಂದಿದ್ದೆ. ತಪ್ಪಾತು,” ಎಂದ. ಕಡೆಯ ಟೇಬಲ್ಲಿನವರು ಕಿವಿ ಮುಂದೆ ಮಾಡಿ ಕೇಳಬೇಕಾಯಿತು.

ಯಾರೂ ನಗಲಿಲ್ಲ. ಬಿಸಿಲಲ್ಲಿ ನಡೆದು ಬಂದವನಿಗೆ ಮಡಿಕೆಯ ನೀರು ಕೊಟ್ಟ ಹಾಗಾಯಿತು ಚೌಡಣ್ಣನಿಗೆ. ಇಷ್ಟೇ ಬೇಕಿತ್ತು. ಬಟ್ಟಲು ಕೆಳಗಿಟ್ಟು, “ಆತು ಬಿಡಪ” ಎನ್ನಲು ತುಟಿ ಬಿಚ್ಚಿದ. ಪಾಲಯ್ಯ ಕೈ ಅಡ್ಡ ಮಾಡಿದ.

“ತಡಿ. ನೀ ಈಗ್ಲೇ ಮಾಫಿ ಕೊಟ್ರ ಹೊರಗ ನಿಂತವರಿಗೆ ಏನು ಉಳೀತು? ಮಾಫಿ ಕಡೀ ಪಂಕ್ತಿಗೆ.”

ಆಮೇಲೆ ಬದನೆಕಾಯಿ, ಟೊಮ್ಯಾಟೊ, ಡೊಣ್ಣಮೆಣಸಿನಕಾಯಿ ಎಲ್ಲ ಬಿಲ್ಲೆಬಿಲ್ಲೆಯಾಗಿ ಜೋಡಿಸಿದ ಪಲ್ಯ ಬಂತು. ಅದಕ್ಕೊಂದು ಉದ್ದ ಹೆಸರು ಹೇಳಿದ ಶಿವಯೋಗಪ್ಪ. “ಉಪ್ಪು ಖಾರ ಮರ್ತಾನ ಪಾಪ,” ಎಂದ ಸುಂಕಪ್ಪ. ಕಡೆಗೆ ಬಾಳೆಹಣ್ಣು ಬೆಲ್ಲ ಮಡಿಚಿಟ್ಟ ತೆಳ್ಳನೆಯ ಮೈದಾ ದೋಸೆ. ಪಾಲಯ್ಯನಿಗೆ ಮಾತ್ರ ಊಟ ಬಹಳ ಹಿಡಿಸಿತು. ಹಲ್ಲಿನ ಕೆಲಸವೇ ಇರಲಿಲ್ಲ ಅದರಲ್ಲಿ. ಅವನು ಹಿರಿಯನಾದ್ದರಿಂದ ಅವನೂ ಐದೂ ಪಂಕ್ತಿಗೆ ತಲೆಗೆ ಕೂರುವುದೆಂದು ಅವನೇ ತೀರ್ಮಾನಿಸಿದ.

ಎರಡನೇ ಪಂಕ್ತಿಯಲ್ಲಿ ಪ್ರವೀಣಕುಮಾರನ ದನಿ ಕಡೆಯ ಟೇಬಲ್ಲಿನ ತನಕ ಮುಟ್ಟಿತು. ಚೌಡಣ್ಣ ಸೂಪನ್ನು ಸುಮ್ಮನೆ ಚಮಚದಿಂದ ತಿರುವುತ್ತ ಕೂತಿದ್ದ. ಬಾಗಿಲಿಗೆ ಒರಗಿ ನೋಡುತ್ತಿದ್ದ ಸುಂಕಪ್ಪ ಅದನ್ನು ಹಿಡಿದ.

“ಅವ ಉಣ್ಣವಲ್ಲ ನೋಡ್ರಿ. ಉಣ್ಕೋತ ಕೇಳ್ಬೇಕು ಅಂತ ಆಗೈತಿ. ಉಣ್ಣದಿದ್ರ ಈ ಪಂಕ್ತಿ ಲೆಕ್ಕಕ್ಕಿಲ್ಲ.”

“ಉಣ್ಣಪ, ನಾಚ್ಕಿ ಪಡಬ್ಯಾಡ,” ಎಂದು ಕರಿಸಿದ್ದಪ್ಪ ಪ್ರೀತಿಯಿಂದಲೇ ಗದರಿ ಶಿವಯೋಗಪ್ಪನಿಗೆ ಸನ್ನೆ ಮಾಡಿದ. “ಅವಂಗ ಇನ್ನಷ್ಟು ಹಾಕು.”

“ಫ್ರಾನ್ಸಿನಾಗ ಎರಡ್ನೇ ಸಲ ಬಡಿಸಂಗಿಲ್ರಿ.”

“ಫ್ರಾನ್ಸಿನೋರು ಬಡವರಿರಬೇಕು. ನೀ ಹಾಕು.”

ಚೌಡಣ್ಣ ಬಟ್ಟಲಿನ ಮೇಲೆ ಅಡ್ಡಗೈ ಹಿಡಿದ. ಕರಿಸಿದ್ದಪ್ಪ ಅವನ ಕೈಯನ್ನು ಮೆಲ್ಲಗೆ ಸರಿಸಿ ಹಾಕಿಸಿದ.

ಮೂರನೇ ಪಂಕ್ತಿಗೆ ಹೊರಗಿನ ಗುಂಪು ದೊಡ್ಡದಾಗಿತ್ತು. ಒಳಗೆ ಉಂಡು ಬಂದವರು ಹೊರಗಿನವರಿಗೆ ಪ್ರವೀಣಕುಮಾರ ಹೇಗೆ ಹೇಳಿದನೆಂದು ಹೇಳಿ ತೋರಿಸುತ್ತಿದ್ದರು. ಒಳಗೆ ಪ್ರವೀಣಕುಮಾರ ಈಗ ಟೇಬಲ್ಲುಗಳ ನಡುವೆ ಓಡಾಡುತ್ತ ಹೇಳಿದ. “ಬಕೆಟ್ಟು ಮೊದಲ್ನೇ ಸಲ ಬಂತು, ಹಾಕಿಸ್ಕೊಂಡ. ಎರಡ್ನೇ ಸಲ ಬಂತು, ಹಾಕಿಸ್ಕೊಂಡ. ಮೂರ್ನೇ ಸಲ…” ಎಂದು ತಡೆದು, ಎಲ್ಲರ ಮುಖ ನೋಡಿ, ಆಮೇಲೆ ಗ್ವಾದ್ಲಿಯ ಮಾತಿಗೆ ಬಂದ. ಜನ ನಕ್ಕರು. ಚೌಡಣ್ಣ ಮೇಲೆ ನೋಡಿದ. ಬಾಯಲ್ಲಿ ಬದನೆಕಾಯಿ ಇತ್ತು.

“ಬಕೆಟ್ಟಿನ ಮಾತು ಯಾಕ? ಅಂದದ್ದು ಅಷ್ಟ ಹೇಳ್ಲಿ,” ಎಂದ ಅದನ್ನು ನುಂಗಿ.

“ಪೂರಾ ಹೇಳ್ಬೇಕು ಅಂತ ತೀರ್ಪಾಗೈತಿ,” ಎಂದ ಪಾಲಯ್ಯ, ಮೈದಾ ದೋಸೆಯನ್ನು ಮಡಿಚುತ್ತ. “ಅರ್ಧ ಹೇಳಿದ್ರ ಅರ್ಧ ತಪ್ಪು ಉಳೀತದ.”

ನಾಲ್ಕನೆಯದು ಹೆಂಗಸರ ಪಂಕ್ತಿ. ಅವತ್ತು ಒಳಗಿನ ಕೋಣೆಯಲ್ಲಿ ಉಂಡವರಿಗೂ ಮಾತು ಕೇಳಿಸಿತ್ತೆಂದು ಕರಿಸಿದ್ದಪ್ಪನ ಹೆಂಡತಿ ಕೊಟ್ರಬಸಮ್ಮ ಸಾಕ್ಷಿ ಹೇಳಿದ್ದಳು. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಬಂದು ಕೂತರು. ಕಡೆಯಲ್ಲಿ ಬಂದವಳನ್ನು ಕಂಡು ಚೌಡಣ್ಣನ ಕೈಯಲ್ಲಿದ್ದ ಬ್ರೆಡ್ಡು ಸೂಪಿಗೆ ಬಿತ್ತು. ಗಾದೆಮ್ಮ. ಹಸಿರು ಸೀರೆ ಉಟ್ಟಿದ್ದಳು, ಹಬ್ಬಕ್ಕೆ ಉಡುವುದು.

“ಇಕಿ ಮದಿವಿಗೆ ಬಂದಿರ್ಲಿಲ್ಲ,” ಎಂದ ಚೌಡಣ್ಣ.

“ಕರಿಯೋದು ಮರ್ತಿತ್ತಪ, ಇವತ್ತು ನಾನ ಹೋಗಿ ಕರ್ದೀನಿ,” ಎಂದು ಕೊಟ್ರಬಸಮ್ಮ ಗಾದೆಮ್ಮನ ರಟ್ಟೆ ಹಿಡಿದು ತನ್ನ ಪಕ್ಕದ ಕುರ್ಚಿಗೇ ಕೂರಿಸಿದಳು. ಮಿಲ್ಲಿನ ಯಜಮಾನಿಯ ಪಕ್ಕ, ಒಂದೇ ಬಟ್ಟೆ ಹಾಸಿದ ಒಂದೇ ಟೇಬಲ್ಲಿಗೆ. ಗಾದೆಮ್ಮ ಅಂಚಿನಲ್ಲಿ ಕೂತವಳು ನಿಧಾನವಾಗಿ ಕುರ್ಚಿಯ ತುಂಬ ಕೂತಳು. ಮೇಣದ ಬತ್ತಿಯ ಬೆಳಕಿನಲ್ಲಿ ಅವಳ ಮುಖ ಅರಳಿತ್ತು.

ಪ್ರವೀಣಕುಮಾರ ಹೆಂಗಸರ ಪಂಕ್ತಿಗೆಂದು ಇನ್ನೂ ಸುಧಾರಿಸಿದ. ಬಕೆಟ್ಟು ಹಿಡಿದವನ ನಡಿಗೆ ಮಾಡಿ ತೋರಿಸಿದ. ಎಲೆ ನೋಡುವ ಚೌಡಣ್ಣನ ಕಣ್ಣು ಮಾಡಿ ತೋರಿಸಿದ. ಹಗ್ಗ ಎಳೆದು ಗ್ವಾದ್ಲಿಗೆ ಕಟ್ಟಿದ. ಆಮೇಲೆ ಎರಡೂ ಕೆನ್ನೆಗೆ ಹೊಡೆದುಕೊಂಡು, “ತಪ್ಪಾತ್ರಬೇ ಯವ್ವಾ, ತಪ್ಪಾತು,” ಎಂದು ಗಾದೆಮ್ಮನ ಕಾಲಿನ ಕಡೆಗೇ ಬಾಗಿದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಎಲ್ಲರ ನಡುವೆ ಗಾದೆಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕು ಕೊಟ್ರಬಸಮ್ಮನ ಕೈ ಮುಟ್ಟಿ ಹೇಳಿದಳು.

“ಸಣ್ಣಾವ ಇದ್ದಾಗಿಂದ್ಲೂ ಹಂಗ ಬೇ ಇವ. ಎಮ್ಮಿ ಕರುವಿನ ಜೋಡಿ ಹಾಲಿಗೆ ಜಗಳಕ್ಕೆ ಬೀಳ್ತಿದ್ದ.”

ಮತ್ತೆ ನಗು. ಚೌಡಣ್ಣ ಎದುರಿಗಿದ್ದ ಪಲ್ಯವನ್ನು ತಿಂದ. ತಿನ್ನದೆ ಇದ್ದರೆ ಪಂಕ್ತಿ ಲೆಕ್ಕಕ್ಕಿರಲಿಲ್ಲ. ಹೊಟ್ಟೆ ಕಲ್ಲಾಗಿತ್ತು, ಪ್ಯಾಂಟಿನ ಗುಂಡಿ ಯಾವಾಗಲೋ ಬಿಚ್ಚಿದ್ದ. ಪ್ರತಿ ತುತ್ತನ್ನೂ ಬಹಳ ಹೊತ್ತು ಅಗಿಯಬೇಕಾಗುತ್ತಿತ್ತು. ತಾನು ಅಗಿಯುವುದನ್ನು ಎಲ್ಲರೂ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ನಿಧಾನ ಅಗಿದರೆ ಮೆಲುಕು ಹಾಕಿದ ಹಾಗೆ ಕಾಣುತ್ತದೆ, ಬೇಗ ಅಗಿದರೆ ಮೇಯ್ದ ಹಾಗೆ ಕಾಣುತ್ತದೆ. ಹೇಗೆ ಅಗಿದರೆ ಮನುಷ್ಯನ ಹಾಗೆ ಕಾಣುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಐದನೇ ಪಂಕ್ತಿಗೆ ಮದುವೆಯಲ್ಲಿ ಇದ್ದವರು ಉಳಿದಿರಲಿಲ್ಲ. ಕೂತವರು ಕಾನಹೊಸಹಳ್ಳಿಯ ಬಸ್ಸಿಳಿದವರು, ಹಡಗಲಿಯಿಂದ ಬಂದ ಬೀಜದ ಕಂಪನಿಯ ಏಜೆಂಟ್, ಪಂಕ್ಚರ್ ಹಾಕಿಸಲು ನಿಂತ ಲಾರಿಯವರು.

“ಇವ್ರ್ಯಾರೂ ಅವತ್ತು ಇರ್ಲಿಲ್ಲ,” ಎಂದ ಚೌಡಣ್ಣ.

“ಕೇಳಿದೋರು ನಾಕು ಮಂದಿಗೆ ಹೇಳಿರ್ತಾರಪ. ಅವ್ರ ಕಿವೀನೂ ತೊಳೀಬೇಕಲ್ಲ.”

“ಇವ್ರಿಗೆ ನಾನು ಯಾರಂತನ ಗೊತ್ತಿಲ್ಲ.”

“ಈಗ ಗೊತ್ತಾಗ್ತದ,” ಎಂದ ಪಾಲಯ್ಯ ಸಮಾಧಾನವಾಗಿ.

ಒಳಗಡೆ ಶಿವಯೋಗಪ್ಪನ ಉಳ್ಳಾಗಡ್ಡಿ ಮುಗಿದು ಕರಿಸಿದ್ದಪ್ಪ ಮಂಡಿಯಿಂದ ಚೀಲ ತರಿಸಿದ. ಶಿವಯೋಗಪ್ಪ ಕಣ್ಣೊರೆಸಿಕೊಳ್ಳುತ್ತ ಬಡಿಸುತ್ತಿದ್ದ. ಉಳ್ಳಾಗಡ್ಡಿಯ ಕಣ್ಣೀರೋ ಸಂತೋಷದ್ದೋ ಅವನಿಗೇ ಗೊತ್ತಿರಲಿಲ್ಲ. ಪ್ರವೀಣಕುಮಾರ ಅಂಗಿಯ ತೋಳು ಮಡಿಚಿ, ಮೇಣದ ಬತ್ತಿಯೊಂದನ್ನು ಕೈಗೆತ್ತಿಕೊಂಡು, ಮದುವೆಯ ಮಂಟಪದ ವರ್ಣನೆಯಿಂದ ಶುರುಮಾಡಿದ. ಈ ಸಲ ಮಾತಿಗೆ ಪ್ರಾಸ ಬಂದಿತ್ತು. ಗ್ವಾದ್ಲಿಯ ಮಾತಿಗೆ ಬಂದಾಗ ಹೊರಗೆ ಕಿಟಕಿಯಲ್ಲಿದ್ದವರೂ ಒಳಗೆ ಗೋಡೆಗಂಟಿ ನಿಂತವರೂ ಅವನ ಜೊತೆಗೇ ಹೇಳಿದರು: ಇವ ಉಣ್ಣಂಗಿಲ್ಲ, ಮೇಯ್ತಾನ. ಲಾರಿಯ ಕ್ಲೀನರ್ ಸಿಳ್ಳೆ ಹಾಕಿದ.

“ಒನ್ಸ್ ಮೋರ್,” ಎಂದಿತು ಒಂದು ದನಿ. ಆಮೇಲೆ ಇಡೀ ಖಾನಾವಳಿ ಅಂದಿತು. ನಾಟಕದಲ್ಲಿ ಒನ್ಸ್ ಮೋರ್ ಬಂದರೆ ಆಡದೆ ಇರುವಂತಿಲ್ಲ. ಪ್ರವೀಣಕುಮಾರ ಪಾಲಯ್ಯನ ಕಡೆ ನೋಡಿದ. ಪಾಲಯ್ಯ ತಲೆಯಾಡಿಸಿದ. ಮೊದಲಿನಿಂದ ಮತ್ತೊಮ್ಮೆ ಆಯಿತು.

ಮುಗಿದ ಮೇಲೆ ಪ್ರವೀಣಕುಮಾರ ಬೆವರು ಒರೆಸಿಕೊಳ್ಳುತ್ತ ಬಂದು ಚೌಡಣ್ಣನ ಎದುರು ನಿಂತ. ಅವನ ಕಣ್ಣಲ್ಲಿ ಕುಹಕವಿರಲಿಲ್ಲ. ಐದು ಪಂಕ್ತಿ ಒಟ್ಟಿಗೆ ದುಡಿದವನ ಸಲಿಗೆ ಇತ್ತು. ಭುಜದ ಮೇಲೆ ಕೈ ಹಾಕಿ, “ದೋಸ್ತ, ನೀ ಇಲ್ದಿದ್ರ ಇದು ಆಗ್ತಿರ್ಲಿಲ್ಲ,” ಎಂದ. ಕರಿಸಿದ್ದಪ್ಪ ನಗುತ್ತಿದ್ದ. ಗಾದೆಮ್ಮ ಬಾಗಿಲಲ್ಲಿ ಕೊಟ್ರಬಸಮ್ಮನ ಜೊತೆ ನಿಂತು ಎಲೆಅಡಿಕೆ ಹಾಕುತ್ತಿದ್ದಳು. ಇಷ್ಟು ಜನ ಒಟ್ಟಿಗೆ ಖುಷಿಯಾಗಿ ಇದ್ದದ್ದನ್ನು ಚೌಡಣ್ಣ ಊರಲ್ಲಿ ಯಾವತ್ತೂ ನೋಡಿರಲಿಲ್ಲ.

ಪಾಲಯ್ಯ ಕೈಯೆತ್ತಿದ.

“ಚೌಡಣ್ಣ, ಈಗ ಹೇಳಪ. ಎಲ್ಲಾರ ಮುಂದ ತಪ್ಪಾತು ಅಂದಾನ, ಒಂದಲ್ಲ, ಆರು ಸಲ. ಮಾಫಿ ಕೊಟ್ಟೆನು?”

ಉಳಿದ ಕುರ್ಚಿಯವರೆಲ್ಲ ತಿನ್ನುವುದು ನಿಲ್ಲಿಸಿ ಅವನ ಬಾಯನ್ನು ನೋಡಿದರು. ಚೌಡಣ್ಣ ಬಾಯಲ್ಲಿದ್ದುದನ್ನು ನುಂಗಿದ. ಪ್ರವೀಣಕುಮಾರನ ಕೈಯನ್ನು ಭುಜದಿಂದ ಎತ್ತಿ ಕೆಳಗೆ ಬಿಟ್ಟ. ಕೆಂಪು ಚೌಕಳಿಯ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಕುರ್ಚಿ ಹಿಂದೆ ತಳ್ಳಿ ಎದ್ದ.

“ಏ, ಪಂಕ್ತಿ ಮುಗ್ದಿಲ್ಲಲೇ,” ಎಂದ ಸುಂಕಪ್ಪ.

ಬಾಗಿಲಲ್ಲಿ ಗಾದೆಮ್ಮ, “ಎಲ್ಲಿಗಲೇ, ಹಿರೇರು ಕೇಳಾಕತ್ತಾರ,” ಎಂದಳು. ಅವನು ಅವಳನ್ನು ತಾಗದ ಹಾಗೆ ಓರೆಯಾಗಿ ದಾಟಿ ಹೊರಗೆ ಬಂದ. ಕಿಟಕಿಯಲ್ಲಿದ್ದವರು ಎರಡು ಪಾಲಾಗಿ ದಾರಿ ಬಿಟ್ಟರು. ಒಳಗಿನಿಂದ ಪಾಲಯ್ಯನ ದನಿ ಇನ್ನೊಮ್ಮೆ ಬಂತು: “ಹೌದು ಅನ್ನು, ಇಲ್ಲ ಅನ್ನು, ಒಂದು ಮಾತು ಅನ್ನಪ.” ಹರಪನಹಳ್ಳಿ ಕಡೆಯ ಬಸ್ಸೊಂದು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಅದು ಹೋಗಲೆಂದು ಚೌಡಣ್ಣ ನಿಂತ, ಹೋದ ಮೇಲೆ ರಸ್ತೆ ದಾಟಿದ, ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಡೆದ.